ಸ್ಪಷ್ಟನೆ: ತೌಡಿನ ಲೇಪ ಸನ್‌ಸ್ಕ್ರೀನ್ ಅಲ್ಲ

‘ಅಕ್ಕಿ ತೌಡನ್ನು ಮೊಸರಲ್ಲಿ ಕಲಸಿ ಹಚ್ಚಿದರೆ ಎಸ್‌ಪಿಎಫ್ 30 ಸಿಗುತ್ತದೆ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಎಸ್‌ಪಿಎಫ್ ಎಂದರೆ ಬಿಸಿಲಿನಿಂದ ಚರ್ಮಕ್ಕೆ ಎಷ್ಟು ರಕ್ಷಣೆ ಸಿಗುತ್ತದೆ ಎಂದು ಹೇಳುವ ಅಂಕಿ. ಆ ಸಂದೇಶ ತಪ್ಪು.

ತೌಡಿನಲ್ಲಿ ಫೆರುಲಿಕ್ ಆಮ್ಲ ಇದೆ, ಅದು 320 ನ್ಯಾನೋಮೀಟರ್ ಆಸುಪಾಸಿನ ಅತಿನೇರಳೆ ಕಿರಣ ಹೀರುತ್ತದೆ ಎನ್ನುವುದು ನಿಜ. ಆದರೆ ಅದರ ಬಹುಪಾಲು ಕೋಶಭಿತ್ತಿಗೆ ಎಸ್ಟರ್ ಎಂಬ ರಾಸಾಯನಿಕ ಬಂಧದಿಂದ ಅಂಟಿಕೊಂಡಿರುತ್ತದೆ. ಮೊಸರಿನಿಂದ ಅದು ಬಿಡುವುದಿಲ್ಲ. ಬಿಡಿಸಲು ಕ್ಷಾರದ ದ್ರಾವಣದಲ್ಲಿ ಕಾಯಿಸಿ, ಆಮ್ಲ ಬೆರೆಸಿ, ದ್ರಾವಕದಿಂದ ಬೇರ್ಪಡಿಸಬೇಕು. ಹಾಗೆ ತೆಗೆದದ್ದೂ ಕ್ರೀಮಿನಲ್ಲಿ ಕಿರಣ ತಡೆಯುವ ಬೇರೆ ಫಿಲ್ಟರ್‌ಗಳಿಗೆ ಪೂರಕ ಮಾತ್ರ. ಉದ್ದ ಅಲೆಯ ಯುವಿಎ (ಅತಿನೇರಳೆಯ ಒಂದು ಬಗೆ) ಕಿರಣಗಳನ್ನು ತಡೆಯದು. ಮೇಲಾಗಿ ಹಸಿ ತೌಡು ಗಿರಣಿಯಿಂದ ಬಂದ ಕೆಲವೇ ಗಂಟೆಗಳಲ್ಲಿ ಕೊಬ್ಬನ್ನು ಒಡೆಯುವ ಲೈಪೇಸ್ ಕಿಣ್ವದಿಂದ ಕೆಡತೊಡಗುತ್ತದೆ.

ಎಸ್‌ಪಿಎಫ್ ಅಂಕಿ ಬರುವುದು ಚರ್ಮದ ಮೇಲೆ ಚದರ ಸೆಂಟಿಮೀಟರ್‌ಗೆ 2 ಮಿಲಿಗ್ರಾಂ ಹಚ್ಚಿ ಅಳೆದಾಗ. ಹಾಗೆ ಅಳೆಯದೆ ಮನೆಯ ಲೇಪಕ್ಕೆ ‘30’ ಎನ್ನಲಾಗದು. ದಯವಿಟ್ಟು ಆ ಸಂದೇಶವನ್ನು ಮುಂದೆ ಕಳಿಸಬೇಡಿ. ಅದು ಬಂದ ಗುಂಪಿನಲ್ಲೇ ಈ ಸ್ಪಷ್ಟನೆ ಹಾಕಿ.