ಜನ ಕೂಗಿದರೂ ಸಾಲದು, ಬಿಷಪರು ಕೈಯಿಟ್ಟರೂ ಸಾಲದು

ಆದಿ ಕ್ರೈಸ್ತ ಸಭೆಯವರು ನಾಯಕರನ್ನು ಚೀಟು ಹಾಕಿ ಆರಿಸುತ್ತಿದ್ದರು ಅಂತ ಬರೆಯುವವರು ಬಹಳ. ಹೊಸ ಒಡಂಬಡಿಕೆಯಲ್ಲಿ ಹಾಗೆ ಆರಿಸಿದ್ದು ಒಂದೇ ಸಲ, ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನ ಜಾಗ ತುಂಬುವಾಗ. ಅದೂ ಯೋಸೇಫ, ಮತ್ತೀಯ ಎಂಬ ಇಬ್ಬರನ್ನು ಮೊದಲು ನಿಲ್ಲಿಸಿಕೊಂಡ ಮೇಲೆ.

ಮುಂದಿನ ಕಾಲಕ್ಕೆ ಮಾದರಿಯಾದದ್ದು ಅದೇ ಹೊಸ ಒಡಂಬಡಿಕೆಯ ‘ಅಪೊಸ್ತಲರ ಕೃತ್ಯಗಳು’ ಪುಸ್ತಕದ ಆರನೇ ಅಧ್ಯಾಯ ಅನ್ನುವುದು ನನ್ನ ಖಚಿತ ಅಭಿಪ್ರಾಯ. ದಿನದ ಊಟ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರಿಗೆ ಸಿಗುತ್ತಿಲ್ಲ ಎಂದು ಗೊಣಗಾಟ ಎದ್ದಿತು. ಏಳು ಜನರನ್ನು ಆರಿಸಿದ್ದು ಸಭೆ, ಪ್ರಾರ್ಥಿಸಿ, ಅವರ ಮೇಲೆ ಕೈಯಿಟ್ಟು ನೇಮಿಸಿದ್ದು ಅಪೊಸ್ತಲರು, ಅಂದರೆ ಯೇಸುವಿನ ಹನ್ನೆರಡು ಮುಖ್ಯ ಶಿಷ್ಯರು. ಸ್ತೆಫನನಿಂದ ಹಿಡಿದು ನಿಕೊಲಾಯನವರೆಗೆ ಏಳೂ ಗ್ರೀಕ್ ಹೆಸರುಗಳೇ! ಆರಿಸುವವರು ಒಬ್ಬರು, ನೇಮಿಸುವವರು ಇನ್ನೊಬ್ಬರು: ಇದನ್ನು ಮರೆತರೆ ಮುಂದಿನ ಮುನ್ನೂರು ವರ್ಷ ಅರ್ಥವಾಗುವುದಿಲ್ಲ.

ರೋಮಿನ ಬರಹಗಾರ ಹಿಪ್ಪೊಲಿಟಸನ ಹೆಸರಿನಲ್ಲಿ ಉಳಿದಿರುವ ಹಳೆಯ ಸಭಾನಿಯಮದಲ್ಲಿ ಬಿಷಪರ ನೇಮಕದ ಕ್ರಮ ಬಿಡಿಬಿಡಿಯಾಗಿದೆ. ಜನರೆಲ್ಲ ಆರಿಸಿದವನ ಹೆಸರು ಹೇಳಿ, ಎಲ್ಲರೂ ಒಪ್ಪಿದ ಮೇಲೆ ಭಾನುವಾರ ಕೂಡಬೇಕು. ಬಂದಿರುವ ಬಿಷಪರು ಕೈಯಿಡುತ್ತಾರೆ, ಹಿರಿಯರು (ಬಿಷಪನ ಕೆಳಗಿನ ಪಾದ್ರಿಗಳು) ಸುಮ್ಮನೆ ನಿಂತಿರುತ್ತಾರೆ, ಎಲ್ಲರೂ ಮನಸ್ಸಿನಲ್ಲೇ ಪ್ರಾರ್ಥಿಸುತ್ತಾರೆ. ಆಮೇಲೆ ಒಬ್ಬ ಬಿಷಪ್ ಮಾತ್ರ ಅವನ ಮೇಲೆ ಕೈಯಿಟ್ಟು ಬಾಯಿಬಿಟ್ಟು ಪ್ರಾರ್ಥನೆ ಹೇಳುತ್ತಾನೆ. ಹಿರಿಯನಿಗಿಂತ ಕೆಳಗಿನ ಸಭಾಸೇವಕನಾದರೆ (ಡೀಕನ್) ಬಿಷಪ್ ಒಬ್ಬನೇ ಕೈಯಿಟ್ಟರೆ ಸಾಕು. ನಂಬಿಕೆಗಾಗಿ ಸೆರೆಯಲ್ಲಿ ಸಂಕೋಲೆ ತೊಟ್ಟು ಬಂದವನಿಗೆ ಹಿರಿಯನಾಗಲು ಹೀಗೆ ಕೈಯಿಡುವುದೇ ಬೇಡ. ಬಿಷಪನಾಗಬೇಕಾದರೆ ಅವನಿಗೂ ಬೇಕು.

ಪಕ್ಕದೂರಿನ ಬಿಷಪರು ಯಾಕೆ ಬರಬೇಕು? ಊರಿನವರಿಗೆ ಅವನ ನಡತೆ ಗೊತ್ತು, ಆದರೆ ಊರಲ್ಲೇ ಎರಡು ಪಂಗಡವಾದರೆ ನಿಜ ಹೇಳುವವರು ಯಾರು? ಉತ್ತರ ಆಫ್ರಿಕದ ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಎರಡನ್ನೂ ಬಿಡಲಿಲ್ಲ. ಜನರ ಕಣ್ಣೆದುರೇ ಆರಿಸಬೇಕು, ಪ್ರಾಂತದ ಬಿಷಪರೂ ಕೂಡಬೇಕು ಎಂದ.

ಈ ಕ್ರಮ ಕೆಟ್ಟರೆ ಹೇಗಿರುತ್ತದೆ ಎಂಬುದಕ್ಕೆ 251ರ ರೋಮ್ ನೋಡಿ. ಚಕ್ರವರ್ತಿ ಡೀಶಿಯಸನ ಹಿಂಸೆಯಲ್ಲಿ ಬಿಷಪ್ ಫಾಬಿಯನ್ ಸತ್ತು ಒಂದು ವರ್ಷಕ್ಕೂ ಮೇಲೆ ಪೀಠ ಖಾಲಿ ಇತ್ತು. ಕೊನೆಗೆ 16 ಬಿಷಪರ ಎದುರು ಕೊರ್ನೇಲಿಯಸ್ ನೇಮಕವಾದ. ಎದುರಾಳಿ ನೊವೇಶಿಯನ್ ಇಟಲಿಯ ಮೂಲೆಯಿಂದ ಮೂವರು ಮುಗ್ಧ ಬಿಷಪರನ್ನು ಕರೆಸಿ, ಕೂಡಿಹಾಕಿ, ಕುಡಿಸಿ, ಸಂಜೆ ಸುಮಾರು ನಾಲ್ಕಕ್ಕೆ ಕೈಯಿಡಿಸಿಕೊಂಡ ಎಂದು ಕೊರ್ನೇಲಿಯಸನೇ ಪತ್ರದಲ್ಲಿ ಬರೆದ. ಎದುರಾಳಿಯ ಮಾತು, ಸ್ವಲ್ಪ ಕಳೆದೇ ಓದಬೇಕು. ಆದರೂ ಮೂರು ಜೊತೆ ಕೈಯಿಂದಲೇ ಬಿಷಪ್ ಆಗುವುದಿಲ್ಲ ಎಂಬ ವಾದ ಸರಿಯೇ.

325ರಲ್ಲಿ ನೈಸಿಯ ಊರಲ್ಲಿ ಕೂಡಿದ ಬಿಷಪರ ಮಹಾಸಭೆಯ ನಾಲ್ಕನೇ ನಿಯಮ ಈ ಸಂದನ್ನೇ ಮುಚ್ಚಿತು: ಪ್ರಾಂತದ ಬಿಷಪರೆಲ್ಲ ಬರಬೇಕು. ಆಗದಿದ್ದರೆ ಕನಿಷ್ಠ ಮೂವರು ಸೇರಬೇಕು, ಬಾರದವರ ಲಿಖಿತ ಒಪ್ಪಿಗೆ ಕೈಸೇರಿರಬೇಕು, ಪ್ರಾಂತದ ಮುಖ್ಯ ಬಿಷಪ್ ಅನುಮೋದಿಸಬೇಕು. ಜನರ ಕೂಗನ್ನು ಮಾತ್ರ ಯಾವ ನಿಯಮವೂ ಪಳಗಿಸಲಿಲ್ಲ. 366ರಲ್ಲಿ ರೋಮಿನಲ್ಲಿ ಬಿಷಪ್ ಪೀಠಕ್ಕಾಗಿ ದಾಮಸಸ್, ಉರ್ಸಿನಸರ ಬೆಂಬಲಿಗರು ಹೊಡೆದಾಡಿಕೊಂಡಾಗ ಒಂದೇ ದಿನ ಒಂದೇ ಚರ್ಚಿನಲ್ಲಿ 137 ಹೆಣ ಬಿದ್ದವು.

ಉತ್ತರ ಆಫ್ರಿಕದ ಹಿಪ್ಪೊ ಊರಲ್ಲಿ ಬಿಷಪ್ ಅಗಸ್ಟೀನ್ ಈ ಭಯದಿಂದಲೇ 426ರಲ್ಲಿ, ತಾನು ಬದುಕಿರುವಾಗಲೇ, ಉತ್ತರಾಧಿಕಾರಿಯಾಗಿ ಎರಾಕ್ಲಿಯಸನ ಹೆಸರು ಹೇಳಿದ. ಬರಹಗಾರರನ್ನು ಕೂರಿಸಿ, ಜನ ಯಾವ ಜೈಕಾರವನ್ನು ಎಷ್ಟು ಸಲ ಕೂಗಿದರು ಎಂದು ಲೆಕ್ಕ ಹಾಕಿ ಬರೆಸಿದ. ಆದರೆ ತಕ್ಷಣ ಬಿಷಪನನ್ನಾಗಿ ಮಾಡಲಿಲ್ಲ. ಒಂದು ಊರಿಗೆ ಇಬ್ಬರು ಬಿಷಪರು ಎಂಬುದು ನೈಸಿಯದ ನಿಯಮಕ್ಕೆ ವಿರುದ್ಧ. ಹಳೆಯ ಬಿಷಪ್ ಬದುಕಿರುವಾಗಲೇ ತನ್ನನ್ನು ಹಾಗೆ ಎರಡನೆಯವನಾಗಿ ನೇಮಿಸಿದಾಗ ಅದು ತನಗೆ ತಿಳಿದಿರಲಿಲ್ಲ ಎಂದು ಸಭೆಯ ಮುಂದೆಯೇ ಒಪ್ಪಿಕೊಂಡು, ಎರಾಕ್ಲಿಯಸನನ್ನು ಹಿರಿಯನಾಗಿಯೇ ಉಳಿಸಿದ.