ಕ್ಯಾಶ್ ಸೆಟ್ಟಿಂಗ್ ತಿದ್ದಬೇಕೇ, ಸುಮ್ಮನೆ ಬಿಡಬೇಕೇ?

ಕೆಲಸವಿಲ್ಲದೆ ಉಳಿದ ಮೆಮೊರಿಯನ್ನು ಲಿನಕ್ಸ್ ಕರ್ನಲ್ (ಕಾರ್ಯಾಚರಣಾ ವ್ಯವಸ್ಥೆಯ ತಿರುಳು) ಡಿಸ್ಕಿನ ಕ್ಯಾಶ್ ಆಗಿ, ಅಂದರೆ ಡಿಸ್ಕಿನ ದತ್ತಾಂಶವನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಜಾಗವಾಗಿ, ಬಳಸಿಕೊಳ್ಳುತ್ತದೆ. ಅದರ ಲೆಕ್ಕಾಚಾರವನ್ನು ಬದಲಿಸುವ ಅಧಿಕಾರ ಯಂತ್ರದ ಮಾಲೀಕನಿಗೂ ಇದೆ. ಆ ಅಧಿಕಾರವನ್ನು ಚಲಾಯಿಸಬೇಕೇ ಎಂಬುದು ಪ್ರಶ್ನೆ.

ಪರ

ಸೋದರಮಾವ ಮಗಳ ಮದುವೆಯ ವಿಡಿಯೊ ಕೇಳಿದ್ದರು. ಒಂದು ಜಿಬಿಯ ಫೈಲು. ಪೆನ್‌ಡ್ರೈವ್ ಸಿಕ್ಕಿಸಿ ಕಾಪಿ ಮಾಡಿದೆ. ನಾಲ್ಕೈದು ಸೆಕೆಂಡಿನಲ್ಲಿ ಪ್ರಗತಿ ತೋರುವ ಪಟ್ಟಿ ನೂರು ಮುಟ್ಟಿತು. ಅವರಿಗೆ ಬಸ್ಸಿನ ಆತುರ, ಕಿತ್ತು ಕೈಗಿಟ್ಟೆ. ಊರಿನಲ್ಲಿ ನೆಂಟರನ್ನೆಲ್ಲ ಕೂರಿಸಿಕೊಂಡು ಟಿವಿಗೆ ಹಾಕಿದರೆ ಫೈಲು ತೆರೆಯಲೇ ಇಲ್ಲ.

ವಿಡಿಯೊ ಪೆನ್‌ಡ್ರೈವಿಗೆ ಹೋಗಿರಲಿಲ್ಲ, ಮೆಮೊರಿಯಲ್ಲೇ ಕುಳಿತಿತ್ತು. ಬರೆಯಬೇಕಾದ ದತ್ತಾಂಶ ಲಭ್ಯ ಮೆಮೊರಿಯ ಶೇ 10ರಷ್ಟಾಗುವವರೆಗೆ, ಇಲ್ಲವೇ 30 ಸೆಕೆಂಡು ಹಳತಾಗುವವರೆಗೆ ಕರ್ನಲ್ ಸಾಮಾನ್ಯವಾಗಿ ಅವಸರಪಡುವುದಿಲ್ಲ. ಶೇ 20 ಮುಟ್ಟಿದರೆ ಬರೆಯುತ್ತಿರುವ ಪ್ರೋಗ್ರಾಮನ್ನೇ ತಡೆದು ನಿಲ್ಲಿಸುತ್ತದೆ. 512 ಎಂಬಿ ಮೆಮೊರಿಯ ಕಾಲಕ್ಕೆ ಶೇ 10 ಎಂದರೆ 50 ಎಂಬಿ, ಚಿಂತೆಯಿಲ್ಲ. ನನ್ನ 16 ಜಿಬಿ ಯಂತ್ರದಲ್ಲಿ ಅದು ಒಂದೂವರೆ ಜಿಬಿಯ ಆಸುಪಾಸು. ಆ ಪೆನ್‌ಡ್ರೈವ್ ಬರೆಯುವುದು ಸೆಕೆಂಡಿಗೆ 10 ಎಂಬಿ. ಅಂದರೆ ನೂರು ಎಂದು ತೋರಿಸಿದ ಮೇಲೂ ಒಂದೂವರೆ ನಿಮಿಷಕ್ಕೂ ಹೆಚ್ಚಿನ ಕೆಲಸ ಬಾಕಿಯಿತ್ತು.

ಈಗ ಶೇಕಡಾವಾರು ಮಿತಿಯನ್ನು ತೆಗೆದು, ಡರ್ಟಿ ಬೈಟ್ಸ್ (ಪ್ರೋಗ್ರಾಮನ್ನು ತಡೆಯುವ ಮಿತಿ) 48 ಎಂಬಿ, ಡರ್ಟಿ ಬ್ಯಾಕ್‌ಗ್ರೌಂಡ್ ಬೈಟ್ಸ್ (ಬರೆಯಲು ಶುರುಮಾಡುವ ಮಿತಿ) 16 ಎಂಬಿ ಎಂದು ಬರೆದಿಟ್ಟಿದ್ದೇನೆ. ಪಟ್ಟಿ ತೆವಳುತ್ತದೆ, ಆದರೆ ಸುಳ್ಳು ಹೇಳುವುದಿಲ್ಲ.

ಡೇಟಾಬೇಸ್ ನಡೆಸುವವರಿಗಂತೂ ತಿದ್ದದೆ ಗತಿಯಿಲ್ಲ. ಮೈಎಸ್‌ಕ್ಯೂಎಲ್‌ನ ಇನ್ನೊಡಿಬಿ ಬಫರ್ ಪೂಲ್ (ಆ ಡೇಟಾಬೇಸ್ ತನ್ನ ದತ್ತಾಂಶವನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗ) ಮೂಲದಲ್ಲಿ 128 ಎಂಬಿ. ಅದಕ್ಕೆಂದೇ ಮೀಸಲಿಟ್ಟ ಸರ್ವರಿನಲ್ಲಿ ಮೆಮೊರಿಯ ಶೇ 80ರವರೆಗೂ ಕೊಡಬಹುದೆಂದು ಅದರ ಕೈಪಿಡಿಯೇ ಹೇಳುತ್ತದೆ. 32 ಜಿಬಿಯ ಸರ್ವರ್ ತಂದು ಆ ಅಂಕಿಯನ್ನು ಮುಟ್ಟದಿರುವುದು ಹತ್ತು ಅಂಕಣದ ಮನೆ ಕಟ್ಟಿಸಿ ಜಗಲಿಯಲ್ಲಿ ಮಲಗಿದ ಹಾಗೆ. ಯಂತ್ರದ ಮೇಲೆ ಏನು ಕೆಲಸ ನಡೆಯುತ್ತದೆ ಎಂಬುದು ಅದರ ಮುಂದೆ ಕುಳಿತವನಿಗೆ ಗೊತ್ತು, ಕರ್ನಲ್ ಬರೆದವರಿಗಲ್ಲ.

ವಿರೋಧ

ಡೇಟಾಬೇಸಿನ ಮಾತನ್ನು ಒಪ್ಪಿದೆ. ಕೈಪಿಡಿಯೇ ಹೇಳಿದ ಮೇಲೆ ತಕರಾರೇನು. ಆದರೆ ಮದುವೆಯ ವಿಡಿಯೊ ಕೆಟ್ಟದ್ದು ಕ್ಯಾಶಿನಿಂದಲ್ಲ, ಬಸ್ಸಿನಿಂದ. ಇಜೆಕ್ಟ್ ಒತ್ತಿ ಎರಡು ನಿಮಿಷ ಕಾದಿದ್ದರೆ ಸಾಕಿತ್ತು. ಈಗ ಒಂದು ಬಡ ಪೆನ್‌ಡ್ರೈವಿಗಾಗಿ ಹಾಕಿದ 48 ಎಂಬಿಯ ಕಡಿವಾಣ ಇಡೀ ಯಂತ್ರಕ್ಕೆ ಬಿದ್ದಿದೆ. ಒಳಗಿನ ಎಸ್‌ಎಸ್‌ಡಿಯೂ ಅದೇ ಕಡಿವಾಣದಲ್ಲಿ ಓಡಬೇಕು.

ತಿದ್ದುವವರಲ್ಲಿ ಹೆಚ್ಚಿನವರು ಅಂಕಿಯ ಅರ್ಥವನ್ನೇ ಕೇಳಿರುವುದಿಲ್ಲ. ಸ್ವಾಪಿನೆಸ್ 60 ಎಂದರೆ ಮೆಮೊರಿ ಶೇ 60 ತುಂಬಿದಾಗ ಸ್ವಾಪ್ (ಮೆಮೊರಿಯ ಪುಟಗಳನ್ನು ಡಿಸ್ಕಿಗೆ ಸರಿಸುವುದು) ಶುರುವಾಗುತ್ತದೆ ಎಂದು ನಂಬಿ ಅದನ್ನು 10ಕ್ಕೆ ಇಳಿಸಿದವರನ್ನು ಕಂಡಿದ್ದೇನೆ. ಅದು ಶೇಕಡಾವಾರು ಅಲ್ಲವೇ ಅಲ್ಲ. ಜಾಗ ಬೇಕಾದಾಗ ಫೈಲುಗಳ ಕ್ಯಾಶನ್ನು ಬಿಡಬೇಕೇ, ಪ್ರೋಗ್ರಾಮುಗಳ ಪುಟಗಳನ್ನು ಸ್ವಾಪಿಗೆ ತಳ್ಳಬೇಕೇ ಎಂದು ತೂಗುವ ತಕ್ಕಡಿ. 2020ರ ಕರ್ನಲ್ 5.8 ಆವೃತ್ತಿಯಿಂದ ಅದು 200ರವರೆಗೂ ಹೋಗುತ್ತದೆ. ಮೆಮೊರಿಯಲ್ಲೇ ಒತ್ತಿ ಇಡುವ ಝಡ್‌ರ‍್ಯಾಮ್ ಸ್ವಾಪ್ ಇದ್ದರೆ ನೂರಕ್ಕಿಂತ ಮೇಲಿನ ಅಂಕಿಯೇ ಸೂಕ್ತವಾಗಬಹುದು. ತಿರುಗುವ ಹಾರ್ಡ್‌ಡಿಸ್ಕಿನ ಕಾಲದ ‘ಇಳಿಸಿ’ ಎಂಬ ಸಲಹೆ ಇಲ್ಲಿ ತಿರುಗುಬಾಣ.

ನಾನೇನು ಸಾಚಾ ಅಲ್ಲ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ರಿಜಿಸ್ಟ್ರಿ (ವಿಂಡೋಸಿನ ಸೆಟ್ಟಿಂಗುಗಳ ಕೋಶ) ತೆರೆದು, ಸೆಕೆಂಡ್ ಲೆವೆಲ್ ಡೇಟಾ ಕ್ಯಾಶ್ ಎಂಬಲ್ಲಿ ಪ್ರೊಸೆಸರಿನ ಎಲ್2 ಕ್ಯಾಶಿನ ಗಾತ್ರ ತುಂಬಿ, ವೇಗ ಹೆಚ್ಚಿತೆಂದು ಬೀಗಿದ್ದೆ. ಆ ಗಾತ್ರವನ್ನು ವಿಂಡೋಸ್ ಹಾರ್ಡ್‌ವೇರಿನಿಂದ ತಾನೇ ತಿಳಿದುಕೊಳ್ಳುತ್ತಿತ್ತು. ಆ ಸಾಲು ಇದ್ದದ್ದು ತೀರ ಹಳೆಯ ಪ್ರೊಸೆಸರುಗಳಿಗಾಗಿ. ಹೆಚ್ಚಿದ್ದು ನನ್ನ ಹುಮ್ಮಸ್ಸು ಮಾತ್ರ.

ಪರಿಚಯದ ಒಂದು ಕಚೇರಿಯಲ್ಲಿ ಗಂಟೆ ಹೊಡೆದಂತೆ ಬಿಲ್ಲಿಂಗ್ ನಿಧಾನವಾಗುತ್ತಿತ್ತು. ಹತ್ತಕ್ಕೆ, ಹನ್ನೊಂದಕ್ಕೆ, ಹನ್ನೆರಡಕ್ಕೆ ಕೌಂಟರಿನ ಮುಂದೆ ಸಾಲು. ಐದಾರು ನಿಮಿಷವಾದರೆ ಮತ್ತೆ ಸರಾಗ. ಕ್ರಾನ್‌ಟ್ಯಾಬ್ (ನಿಗದಿತ ವೇಳೆಗೆ ನಡೆಯುವ ಆಜ್ಞೆಗಳ ಪಟ್ಟಿ) ತೆರೆದು ನೋಡಿದರೆ, ಪ್ರತಿ ಗಂಟೆಗೊಮ್ಮೆ ಡ್ರಾಪ್ ಕ್ಯಾಶಸ್‌ಗೆ 3 ಎಂದು ಬರೆದು ಕ್ಯಾಶ್ ಖಾಲಿ ಮಾಡಿಸುವ ಆಜ್ಞೆ. ಯಾರೋ ಮೆಮೊರಿಯ ಲೆಕ್ಕದಲ್ಲಿ ಫ್ರೀ ಎಂಬ ಕಾಲಂನಲ್ಲಿ 200 ಎಂಬಿ ಮಾತ್ರ ಕಂಡು ಮೆಮೊರಿ ಮುಗಿಯಿತೆಂದು ಗಾಬರಿಯಾಗಿದ್ದರು. ಅದೇ ಸಾಲಿನ ಕೊನೆಯಲ್ಲಿ, ಅವೈಲಬಲ್ ಎಂಬ ಕಾಲಂನಲ್ಲಿ, ಕ್ಯಾಶ್ ಬಿಟ್ಟುಕೊಟ್ಟರೆ ಸಿಗುವುದೂ ಸೇರಿ 11 ಜಿಬಿ ಎಂದಿತ್ತು. ದಿನವಿಡೀ ಬೇಕಾಗುವ ದರಪಟ್ಟಿಯನ್ನು ಗಂಟೆಗೊಮ್ಮೆ ಮೆಮೊರಿಯಿಂದ ಚೆಲ್ಲಿ ಮತ್ತೆ ಡಿಸ್ಕಿನಿಂದ ಹೊತ್ತು ತರುತ್ತಿತ್ತು ಆ ಸರ್ವರ್. ಈ ಆಜ್ಞೆಯನ್ನು ಪರೀಕ್ಷೆಗಲ್ಲದೆ ಬಳಸಬೇಡಿ ಎಂದು ಕರ್ನಲ್ ದಾಖಲೆಯಲ್ಲೇ ಇದೆ.

ಆಜ್ಞೆಯನ್ನು ಅಲ್ಲಿ ಬರೆದವರು ಕೆಲಸ ಬಿಟ್ಟು ಬಹಳ ದಿನವಾಗಿತ್ತು. ಆಜ್ಞೆಯ ಮೇಲೆ ಒಂದು ಟಿಪ್ಪಣಿ ಉಳಿದಿತ್ತು: ‘ತೆಗೆಯಬೇಡಿ, ವೇಗಕ್ಕಾಗಿ.’