ಹತ್ತು ಸೋತರೆ ಹನ್ನೊಂದನೆಯದು ಗೆಲುವಾ?

ಹುಬ್ಬಳ್ಳಿಯಿಂದ ವಾರಾಂತ್ಯಕ್ಕೆ ಪಣಜಿಯ ಕ್ಯಾಸಿನೊಗೆ ಹೋಗುವವರ ವಾಟ್ಸಾಪ್‌ನಲ್ಲಿ ಓಡಾಡುವ ಮಾತು: 'ಪೋಕರ್‌ನಲ್ಲಿ ಸತತ ಹತ್ತು ಆಟ ಸೋತಿರಾ? ಮುಂದಿನದು ನಿಮ್ಮದೇ, ಡಬಲ್ ಹಾಕಿ.'

ಸುಳ್ಳು. ಪ್ರತಿ ಆಟಕ್ಕೂ 52 ಎಲೆ ಮತ್ತೆ ಕಲಸುತ್ತಾರೆ. ನಿಮ್ಮ ಸೋಲು ಎಲೆಗಳಿಗೇನು ಗೊತ್ತು, ಅಲ್ವಾ?

ಟೆಕ್ಸಾಸ್ ಹೋಲ್ಡೆಮ್ ಅನ್ನೋ ಪೋಕರ್‌ನಲ್ಲಿ ಒಬ್ಬೊಬ್ಬರ ಕೈಗೆ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿ ಐದು. ಕೈಗೆ ಎಲ್ಲಕ್ಕಿಂತ ಒಳ್ಳೆಯ ಜೋಡಿ, ಅಂದರೆ ಜೋಡಿ ಎಕ್ಕ, ಬರುವುದೇ ಸರಾಸರಿ 221 ಆಟಕ್ಕೊಮ್ಮೆ. ಬಂತು ಅನ್ನಿ. ಎದುರಿನವರ ಹತ್ತಿರ ಜೋಡಿ ರಾಜ. ಮೇಜಿನ ಎಲೆ ತೆರೆಯುವ ಮೊದಲೇ ಇಬ್ಬರೂ ಇದ್ದದ್ದೆಲ್ಲ ಹಾಕಿದಿರಿ. ಆಗಲೂ 100ಕ್ಕೆ ಸುಮಾರು 18 ಸಲ ಸೋಲುವುದು ನೀವೇ! ಅಂದರೆ ಚೆನ್ನಾಗಿ ಆಡಿದವರಿಗೂ ಸಾಲು ಸೋಲು ಮಾಮೂಲಿ. ಸಣ್ಣ ಪಣದ ಟೇಬಲ್‌ನಲ್ಲಿ ಕ್ಯಾಸಿನೊದವರ ಕಮಿಷನ್ ಬೇರೆ ಕಡಿತ.

ನಾನಂತೂ ತಂದ ದುಡ್ಡು ಅರ್ಧ ಕರಗಿದರೆ ಎದ್ದು ಚಹಾಕ್ಕೆ ಹೋಗುತ್ತೇನೆ. ವಾಪಸ್ ಬಸ್ಸಿನ ಚಾರ್ಜು ಮೊದಲೇ ಒಳಜೇಬಿನಲ್ಲಿ ಇರುತ್ತದೆ.